ಹಳದಿ ಚೀಲ ತುಂಬುವ ಮುನ್ನ ನೋಡಬೇಕಾದ ಲೆಕ್ಕ

ಪಣಜಿ: ಅವಧಿ ಮುಗಿದ ಔಷಧ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಗೋವಾದಲ್ಲಿ ಉತ್ತರವಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಆಸ್ಪತ್ರೆ, ಕ್ಲಿನಿಕ್‌ಗಳು ಅದನ್ನು ಹಳದಿ ಚೀಲಕ್ಕೆ ಹಾಕಬೇಕು. ಇಂಥ ತ್ಯಾಜ್ಯಕ್ಕಾಗಿ ಕುಂಡೈಯಲ್ಲಿ ಸಾಮೂಹಿಕ ಘಟಕವೂ ಇದೆ. ಆದರೆ ಆ ಚೀಲ ತುಂಬುವುದೇ ಯಾಕೆ ಅಂತ ಕೇಳುವವರು ಕಡಿಮೆ.

ಬೇಗ ಅವಧಿ ಮುಗಿಯುವ ಪೆಟ್ಟಿಗೆ ಮೊದಲು ಹೊರಬೀಳಬೇಕು. ಕಿರಾಣಿ ಅಂಗಡಿಯವರಿಗೂ ಗೊತ್ತಿರುವ ಲೆಕ್ಕವಿದು. ಗೋವಾಕ್ಕೆ ಇನ್ನೊಂದು ಅನುಕೂಲವಿದೆ. ಇರುವುದು ಕೆಲವೇ ಜಿಲ್ಲೆ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು, ಮಾಪುಸಾ ಹಾಗೂ ಮಡಗಾಂವದ ಜಿಲ್ಲಾ ಆಸ್ಪತ್ರೆಗಳು ಒಂದಕ್ಕೊಂದು ದೂರವಿಲ್ಲ. ಒಂದು ಕಡೆ ಖರ್ಚಾಗದ ಔಷಧವನ್ನು ಅವಧಿಗೆ ಮೂರ್ನಾಲ್ಕು ತಿಂಗಳು ಮುಂಚೆ ಇನ್ನೊಂದು ಕಡೆ ಕಳಿಸಲು ಒಂದು ವ್ಯಾನು ಸಾಕು. ಬೇಕಾಗಿರುವುದು ಎಲ್ಲರಿಗೂ ಕಾಣುವ ದಾಸ್ತಾನು ಲೆಕ್ಕ.

ಉಗ್ರಾಣ ದಾಟಿದ ಮೇಲಿನ ನಷ್ಟ ಮಾತ್ರ ಯಾವ ರಿಜಿಸ್ಟರಿನಲ್ಲೂ ಸಿಗದು. ಅದು ಝುವಾರಿನಗರ, ಬೈನಾದ ಕನ್ನಡ ಮನೆಗಳ ಗೂಡಿನಲ್ಲಿರುತ್ತದೆ. ಸಕ್ಕರೆ ಕಾಯಿಲೆಗೆ ತಿಂಗಳ ಗುಳಿಗೆ ತಗೊಂಡವರು ಜಾತ್ರೆ, ಬಿತ್ತನೆ ಅಂತ ಗದಗ, ಕೊಪ್ಪಳದ ಕಡೆ ಹೋದರೆ ಅಲ್ಲಿ ಬೇರೆ ಡಾಕ್ಟರು, ಬೇರೆ ಚೀಟಿ. ಇಲ್ಲಿ ‘ಮೆಟ್‌ಫಾರ್ಮಿನ್’ ಎಂದು ಕೊಟ್ಟದ್ದೇ ಅಲ್ಲಿ ‘ಗ್ಲೈಕೋಮೆಟ್’ ಆಗಿರಬಹುದು. ಹೆಸರು ಬೇರೆ, ಒಳಗಿನ ಮದ್ದು ಒಂದೇ. ಕೆಲವರು ಹಳೆಯದನ್ನು ಬಿಟ್ಟುಬಿಡುತ್ತಾರೆ, ಅದು ಬರೀ ನಷ್ಟ. ಎರಡನ್ನೂ ನುಂಗುವವರಿಗೆ ಅದು ಅಪಾಯ. ಉಳಿದ ಆ್ಯಂಟಿಬಯೋಟಿಕ್ ಮುಂದಿನ ಜ್ವರಕ್ಕೆ, ಅದೂ ಮನೆಯ ಇನ್ನೊಬ್ಬರ ಹೊಟ್ಟೆಗೆ!

ಕೇರಳ ಸರಕಾರ 2025ರಲ್ಲಿ ಕೋಝಿಕ್ಕೋಡಿನಲ್ಲಿ ‘ಎನ್‌ಪ್ರೌಡ್’ ಹೆಸರಿನಲ್ಲಿ ಮನೆಗಳಲ್ಲಿ ಉಳಿದ ಔಷಧ ಸಂಗ್ರಹಿಸಲು ಶುರು ಮಾಡಿತು. ಒಳ್ಳೆಯದೇ. ಆದರೆ ಸಂಗ್ರಹಿಸಿದ್ದೂ ಕೊನೆಗೆ ಕಸವೇ. ಗೋವಾದ ವಲಸೆ ಕಾರ್ಮಿಕರಿಗೆ ಅದಕ್ಕಿಂತ ಮುಂಚಿನ ಕೆಲಸ ಬೇಕಾಗಿದೆ. ಹೊಸ ಔಷಧ ಶುರು ಮಾಡುವಾಗ ಮೊದಲು ಹತ್ತು-ಹದಿನೈದು ದಿನದ್ದು ಕೊಟ್ಟು, ಒಗ್ಗಿದರೆ ಮುಂದಿನದು ಕೊಡಬಹುದು. ದಿನಗೂಲಿಯವರಿಗೆ ಮತ್ತೆ ಸರತಿ ನಿಲ್ಲುವುದೆಂದರೆ ಒಂದು ದಿನದ ಪಗಾರ ಹೋದಂತೆ ಎಂಬುದನ್ನೂ ನೆನಪಿಡಬೇಕು. ಹಾಗಾಗಿ ಗುಳಿಗೆ ವಾಸ್ಕೊ ಸುತ್ತಲಿನ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು, ಯಾವಾಗ ಎಷ್ಟು ಎಂಬುದನ್ನು ಕನ್ನಡದಲ್ಲೂ ಬರೆದುಕೊಡಬೇಕು.

ಊರಿಗೆ ಹೊರಟವರು ಚೀಟಿಯ ಜತೆ ಖಾಲಿ ಸ್ಟ್ರಿಪ್ಪನ್ನೂ ಒಯ್ದರೆ ಅಲ್ಲಿನ ಡಾಕ್ಟರಿಗೆ ಒಳಗಿನ ಮದ್ದು ತಿಳಿಯುತ್ತದೆ. ಸ್ಟ್ರಿಪ್ ಕತ್ತರಿಸಿ ಕೊಡುವವರು ತಾರೀಖು ಇರುವ ತುದಿಯನ್ನೇ ಮೊದಲು ಕತ್ತರಿಸಿದರೆ, ಉಳಿದ ಗುಳಿಗೆಯ ಅವಧಿ ಯಾರಿಗೂ ಗೊತ್ತಾಗುವುದಿಲ್ಲ.