ಗಣಿತ ಪಂಡಿತರಿಗೆ, ರಾಹು ಜನರಿಗೆ

ಧರ್ಮವು ವಿಜ್ಞಾನಕ್ಕೆ ನೆರವಾಯಿತೇ, ಅಡ್ಡಿಯಾಯಿತೇ ಎಂಬ ಚರ್ಚೆ ಎದ್ದಾಗಲೆಲ್ಲ ಗೆಲಿಲಿಯೋನ ಹೆಸರು ಬರುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಪಂಚಾಂಗವೇ ಸಾಕು. ಯಜ್ಞಕ್ಕೂ ಹಬ್ಬಕ್ಕೂ ಕಾಲನಿರ್ಣಯ ಬೇಕಿದ್ದುದರಿಂದಲೇ ಇಲ್ಲಿ ಖಗೋಳಶಾಸ್ತ್ರ ಬಹುಮಟ್ಟಿಗೆ ಬೆಳೆಯಿತು. ಆ ಋಣವನ್ನು ಅಲ್ಲಗಳೆಯಲಾಗದು.

ಸೂರ್ಯನನ್ನು ಚಂದ್ರನೂ, ಚಂದ್ರನನ್ನು ಭೂಮಿಯ ನೆರಳೂ ಮರೆಮಾಡುವುದೇ ಗ್ರಹಣವೆಂದು ಐದನೆಯ ಶತಮಾನದ ಕೊನೆಯ ಹೊತ್ತಿಗೇ ಆರ್ಯಭಟ ಹೇಳಿದ್ದ. 628ರಲ್ಲಿ ಬ್ರಹ್ಮಗುಪ್ತ ಶ್ರುತಿ-ಸ್ಮೃತಿಗಳನ್ನು ಮುಂದಿಟ್ಟು, ರಾಹುವನ್ನು ನಿರಾಕರಿಸಿದವರನ್ನು ಖಂಡಿಸಿದ. ಸೋಜಿಗವೆಂದರೆ, ಗ್ರಹಣದ ಲೆಕ್ಕ ಹಾಕುವಾಗ ಆತನೂ ನೆಚ್ಚಿಕೊಂಡದ್ದು ನೆರಳಿನ ಅಳತೆಯನ್ನೇ! ನಾಲ್ಕು ಶತಮಾನಗಳ ಬಳಿಕ ಈ ಇಬ್ಬಗೆಯನ್ನು ಗುರುತಿಸಿದ ಅಲ್ ಬಿರೂನಿ, ಸಾಕ್ರಟೀಸನಿಗೊದಗಿದಂಥ ಗತಿಯ ಭಯವೇ ಬ್ರಹ್ಮಗುಪ್ತನಿಂದ ಹಾಗೆ ನುಡಿಸಿರಬೇಕೆಂದು ಊಹಿಸಿದ. ಅದು ಭಯವೋ, ನಿಜವಾದ ಶ್ರದ್ಧೆಯೋ, ಪರಿಣಾಮ ಮಾತ್ರ ಒಂದೇ: ಗಣಿತ ಪಂಡಿತರ ಬಳಿ ಉಳಿಯಿತು, ರಾಹು ಜನರ ಪಾಲಾದ.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ವೇಳೆ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯವುಳ್ಳ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಯಿತು. ಹೆತ್ತವರನ್ನು ಹಳಿದು ಪ್ರಯೋಜನವಿಲ್ಲ. ಶಾಲೆಯಲ್ಲಿ ಗ್ರಹಣದ ಚಿತ್ರ ಬರೆದು ಅಂಕ ಗಳಿಸಿದ ನಮ್ಮಂಥವರೂ ಆ ದಿನ ನೀರು, ಆಹಾರಗಳ ಮೇಲೆ ದರ್ಭೆ ಇಡುವವರೇ. ಗ್ರಹಣ ಎಷ್ಟು ಹೊತ್ತಿಗೆ ಹಿಡಿದು ಎಷ್ಟು ಹೊತ್ತಿಗೆ ಬಿಡುತ್ತದೆಂಬುದನ್ನು ಮಾತ್ರ ನಿಮಿಷ ತಪ್ಪದಂತೆ ನೋಡಿಕೊಳ್ಳುತ್ತೇವೆ. ಅದನ್ನು ಹೇಳುವುದು ನೆರಳಿನ ಗಣಿತ.

ಯುಗಾದಿಯಂದು ದೇವಾಲಯಗಳಲ್ಲಿ ಪಂಚಾಂಗ ಶ್ರವಣ ನಡೆಯುತ್ತದೆ. ಆ ವರ್ಷದ ಗ್ರಹಣಗಳ ಸಮಯದೊಡನೆ ಅವುಗಳ ಕಾರಣವನ್ನೂ ಅಲ್ಲಿ ಎರಡು ಮಾತಿನಲ್ಲಿ ಹೇಳಬಹುದು. ಶಾಲೆಯ ಮಾತು ತಲುಪದ ಎಷ್ಟೋ ಮನೆಗಳಿಗೆ ಗುಡಿಯ ಮಾತು ತಲುಪುತ್ತದೆ.