ಧೂಮಕೇತುವಿನಲ್ಲಿ ಇಂಗಾಲದ ಶೋಧ: ಹೊಸಕೋಟೆಯ ಕನ್ನಡಿಗೆ ನೆಲೆ ಎಲ್ಲಿ?

ಕೊಂಕಲ್: 2025ರ ಜುಲೈ 1ರಂದು ಚಿಲಿ ದೇಶದ ದೂರದರ್ಶಕವೊಂದರ ಕಣ್ಣಿಗೆ ಬಿದ್ದ 3ಐ/ಅಟ್ಲಾಸ್ ಧೂಮಕೇತು ನಮ್ಮ ಸೌರವ್ಯೂಹಕ್ಕೆ ಸೇರಿದ್ದಲ್ಲ, ಬೇರಾವುದೋ ನಕ್ಷತ್ರದ ನೆರೆಯಿಂದ ಬಂದ ಅತಿಥಿ. ಆಗಸ್ಟ್ ತಿಂಗಳಲ್ಲಿ ಜೇಮ್ಸ್ ವೆಬ್ ದೂರದರ್ಶಕವು ಅದರ ಅವಕೆಂಪು ರೋಹಿತವನ್ನು ದಾಖಲಿಸಿದಾಗ, ನೀರಾವಿಗಿಂತ ಸುಮಾರು 8 ಪಟ್ಟು ಇಂಗಾಲದ ಡೈಆಕ್ಸೈಡ್ ಅದರಿಂದ ಹೊಮ್ಮುತ್ತಿರುವುದು ತಿಳಿದುಬಂತು. ಕೋಟ್ಯಂತರ ಕಿಲೋಮೀಟರ್ ದೂರದ ಹಿಮಗಡ್ಡೆಯಲ್ಲಿ ಏನಿದೆ ಎಂಬುದನ್ನು ಮುಟ್ಟದೆಯೇ ಹೇಳುವ ಈ ವಿದ್ಯೆಯಲ್ಲಿ ಭಾರತದ ಪಾಲೆಷ್ಟು? ಇದು ಕೇಳಲೇಬೇಕಾದ ಪ್ರಶ್ನೆ.

ಪ್ರತಿ ಅಣುವಿಗೂ ತನ್ನದೇ ಆದ ಕಂಪನವಿದೆ. ಧೂಮಕೇತು ಸೂರ್ಯನನ್ನು ಸಮೀಪಿಸಿದಂತೆ ಅದರ ಹಿಮ ಅನಿಲವಾಗುತ್ತದೆ. ಆ ಅನಿಲದ ಅಣುಗಳು ಬಿಸಿಲನ್ನು ಹೀರಿ, ತಮಗೇ ವಿಶಿಷ್ಟವಾದ ತರಂಗದೂರಗಳಲ್ಲಿ ಹೊರಸೂಸುತ್ತವೆ. ಇಂಗಾಲ ಮತ್ತು ಜಲಜನಕಗಳ ಬಂಧದ ಗುರುತು 3.3ರಿಂದ 3.5 ಮೈಕ್ರಾನ್ ಆಸುಪಾಸಿನಲ್ಲಿ ಕಾಣಿಸುತ್ತದೆ. 1986ರಲ್ಲಿ ಹ್ಯಾಲಿ ಧೂಮಕೇತುವಿನಲ್ಲಿ ಸಾವಯವ ವಸ್ತುವಿರುವುದನ್ನು ಸಾರಿದ್ದು ಈ ಗುರುತೇ. ಮೀಥೇನ್, ಈಥೇನ್‌ಗಳಂತಹ ಸಮರೂಪದ ಅಣುಗಳು ರೇಡಿಯೋ ದೂರದರ್ಶಕಗಳಿಗೆ ಸಿಕ್ಕುವುದಿಲ್ಲ. ಅವುಗಳಿಗೆ ಅವಕೆಂಪೊಂದೇ ದಾರಿ.

ತೊಡಕೂ ಇದೆ. ನಮ್ಮ ವಾಯುಮಂಡಲದಲ್ಲಿಯೂ ನೀರಾವಿ, ಮೀಥೇನ್‌ಗಳಿದ್ದು, ಅವು ಅದೇ ಬೆಳಕನ್ನು ತಡೆಯುತ್ತವೆ. 1996ರಲ್ಲಿ ಹ್ಯಾಕುಟಾಕೆ ಧೂಮಕೇತು ವೇಗವಾಗಿ ಚಲಿಸುತ್ತಿದ್ದ ಕಾರಣ ಅದರ ಮೀಥೇನ್ ರೇಖೆಗಳು ಭೂಮಿಯ ರೇಖೆಗಳಿಂದ ತುಸು ಪಕ್ಕಕ್ಕೆ ಸರಿದಿದ್ದವು. ಹವಾಯಿಯ ಮೌನಾ ಕೆಯಾ ಶಿಖರದಿಂದ ವಿಜ್ಞಾನಿಗಳು ಮೀಥೇನ್ ಹಾಗೂ ಈಥೇನ್‌ಗಳನ್ನು ಗುರುತಿಸಿದ್ದು ಆಗಲೇ. ಎತ್ತರದ ಒಣ ನೆಲೆ ಮತ್ತು ಸೂಕ್ಷ್ಮ ರೋಹಿತದರ್ಶಕ, ಎರಡೂ ಅನಿವಾರ್ಯ ಎಂಬುದು ಇದರಿಂದ ಸ್ಪಷ್ಟ.

ಎತ್ತರದ ನೆಲೆ ನಮ್ಮಲ್ಲಿಯೂ ಇದೆ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಹೊಸಕೋಟೆಯ ತನ್ನ ಕೇಂದ್ರದಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತ ಬಂದಿದೆ. ಆದರೆ ಅದಕ್ಕೆ ಅಳವಡಿಸಲಾದ ಟಿರ್‌ಸ್ಪೆಕ್ ಉಪಕರಣದ ವ್ಯಾಪ್ತಿ 1ರಿಂದ 2.5 ಮೈಕ್ರಾನ್‌ವರೆಗೆ ಮಾತ್ರ. ಸಾವಯವ ಅಣುಗಳ ಮುಖ್ಯ ಗುರುತು ಅದರಾಚೆಗಿದೆ.

ಈ ಕೊರತೆಗೆ ಉತ್ತರವಾಗಬಹುದೆಂದು ನಂಬಿದ್ದು 30 ಮೀಟರ್ ದೂರದರ್ಶಕ ಯೋಜನೆಯನ್ನು. 2014ರಲ್ಲಿ ಕೇಂದ್ರ ಸಚಿವ ಸಂಪುಟ ಭಾರತದ ಪಾಲ್ಗೊಳ್ಳುವಿಕೆಗೆ ಒಪ್ಪಿಗೆ ನೀಡಿತು. ಅದರ ಕನ್ನಡಿಯ 492 ತುಣುಕುಗಳ ಪೈಕಿ ಭಾರತದ ಪಾಲನ್ನು ನಯಗೊಳಿಸುವ ಘಟಕವೂ ಹೊಸಕೋಟೆಯಲ್ಲಿ ತಲೆಯೆತ್ತಿತು. ಆದರೆ ಮೌನಾ ಕೆಯಾವನ್ನು ಪವಿತ್ರವೆಂದು ನಂಬುವ ಮೂಲನಿವಾಸಿಗಳ ವಿರೋಧದಿಂದ 2015 ಮತ್ತು 2019ರಲ್ಲಿ ಕಾಮಗಾರಿ ನಿಂತಿತು. 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ತನ್ನ ಆಯವ್ಯಯ ಪ್ರಸ್ತಾವನೆಯಲ್ಲಿ ಯೋಜನೆಯನ್ನು ಮುಂದಿನ ಹಂತಕ್ಕೆ ಒಯ್ಯದಿರಲು ನಿರ್ಧರಿಸಿತು. ಅದೇ ಜುಲೈನಲ್ಲಿ ಸ್ಪೇನ್, ಲಾ ಪಾಲ್ಮಾ ದ್ವೀಪದಲ್ಲಿ ನಿರ್ಮಿಸುವುದಾದರೆ 40 ಕೋಟಿ ಯೂರೋ ನೀಡುವುದಾಗಿ ಮುಂದೆ ಬಂದಿತು.

ಮೂಲನಿವಾಸಿಗಳ ಭಾವನೆಗೆ ಬೆಲೆ ಕೊಡಲೇಬೇಕು. ಆದರೆ ನಮ್ಮ ಸಂಶೋಧನೆಯ ಭವಿಷ್ಯ ಪರದೇಶದ ಆಯವ್ಯಯವನ್ನೇ ನೆಚ್ಚಿಕೊಂಡಿರುವುದು ವಿವೇಕವಲ್ಲ. ಹೊಸಕೋಟೆಯಲ್ಲಿ ಗಳಿಸಿದ ಕೌಶಲ ಸ್ವದೇಶಿ ದೂರದರ್ಶಕಕ್ಕೂ ಒದಗಬೇಕು. ಹಾನ್ಲೆಯ ಒಣ ಹವೆಗೆ ತಕ್ಕ 3ರಿಂದ 5 ಮೈಕ್ರಾನ್‌ ವ್ಯಾಪ್ತಿಯ ಉಪಕರಣ ಆದ್ಯತೆಯಾಗಬೇಕು.

ಈ ಸೀಮೆಗೂ ಇದರಲ್ಲೊಂದು ಎಳೆಯಿದೆ. ಯಾದಗಿರಿ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಅದೇ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಹಾರ್ವರ್ಡ್‌ಗೆ ತೆರಳಿದ ವೇಣು ಬಾಪು 1949ರಲ್ಲಿ ಧೂಮಕೇತುವೊಂದನ್ನು ಕಂಡುಹಿಡಿದರು. ಬಾಪು–ಬೋಕ್–ನ್ಯೂಕರ್ಕ್ ಎಂಬ ಹೆಸರಿನ ಆ ಧೂಮಕೇತುವನ್ನು ಕಂಡವರೇ ಮುಂದೆ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದರು. ಒಂದು ವಿದ್ಯಾರ್ಥಿವೇತನದ ಫಲ ಅಷ್ಟು ದೊಡ್ಡದು. ಇಂದು ಕೊಂಕಲ್ ಪರಿಸರದ ಶಾಲೆಯಲ್ಲಿ ಆಕಾಶ ನೋಡುವ ಮಗುವಿಗೆ ಅಂತಹ ದಾರಿ ತೆರೆದಿದೆಯೇ? ಕನ್ನಡಿಗೆ ನೆಲೆ ಹುಡುಕುವವರು ಈ ಪ್ರಶ್ನೆಗೂ ಉತ್ತರ ಹುಡುಕಬೇಕು.