ಕೆಟ್ಟ ಡಿಸ್ಕಿನಲ್ಲಿ ಉಳಿದ ಕನ್ನಡ

ಕೊಟ್ಟೂರು ಗುರುಬಸವೇಶ್ವರ ರಥೋತ್ಸವ ಹತ್ತಿರ ಬಂತೆಂದರೆ ಡಿಟಿಪಿ ಅಂಗಡಿಗಳಿಗೆ ಬಿಡುವಿಲ್ಲ. ಕರಪತ್ರ, ಬ್ಯಾನರು, ನಾಟಕದ ಹ್ಯಾಂಡ್‌ಬಿಲ್ಲು, ಪಾದಯಾತ್ರಿಗಳಿಗೆ ಸ್ವಾಗತ. ಯಾವ ಓಣಿಯವರು ದಾಸೋಹ ಮಾಡಿದರು, ಯಾರು ಯಾವ ಪಾತ್ರ ಕಟ್ಟಿದರು ಎಂಬ ವಿವರವೆಲ್ಲ ಅವುಗಳಲ್ಲೇ ಇರುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗುವ ಮುಂಚಿನವಾದರೆ ಅಡಿಯಲ್ಲಿ 'ಬಳ್ಳಾರಿ ಜಿಲ್ಲೆ' ಎಂದಿರುತ್ತದೆ. ಕಾಗದ ಎಂದೋ ಹೋಯಿತು. ಕಡತ ಮಾತ್ರ ಯಾವುದೋ ಕೆಟ್ಟ ಹಾರ್ಡ್ ಡಿಸ್ಕಿನಲ್ಲಿ ಉಳಿದಿರಬಹುದು. ಫೋಲ್ಡರು ತೆರೆಯದಿದ್ದರೂ, ಮೇಲೆ ಬೇರೆ ಮಾಹಿತಿ ಕೂರದಿದ್ದರೆ ಅಕ್ಷರಗಳು ಅಲ್ಲೇ ಬಿದ್ದಿರುತ್ತವೆ.

ಡಿಸ್ಕಿನಲ್ಲಿರುವುದು 0ಯಿಂದ 255ರವರೆಗಿನ ಬೈಟ್‌ಗಳ ಸಾಲು, ಅಷ್ಟೇ. ಯುನಿಕೋಡ್ ಕನ್ನಡವನ್ನು ಯುಟಿಎಫ್-8ರಲ್ಲಿ ಉಳಿಸಿದ್ದರೆ ಪ್ರತಿ ಸಂಕೇತಕ್ಕೂ ಮೂರು ಬೈಟ್: ಮೊದಲನೆಯದು 224, ಎರಡನೆಯದು 178 ಇಲ್ಲವೇ 179, ಮೂರನೆಯದು 128ರಿಂದ 191ರೊಳಗೆ. ನೆರೆಯ ತೆಲುಗಿಗೆ ಎರಡನೆಯದು 176 ಅಥವಾ 177. ಇಂಥ ಮೂರರ ಗುಂಪು ಒಂದರ ಬೆನ್ನಿಗೆ ಒಂದು ಐದಾರು ಸಲ ಬಂದ ಜಾಗವನ್ನು ತೋರಿಸೆಂದು ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಹುಡುಕಾಟದ ಸೂತ್ರದಲ್ಲಿ ಒಂದು ಸಾಲು ಬರೆದರೆ ಸಾಕು, ಚಿತ್ರ, ಫಾಂಟುಗಳ ನಡುವಿನಿಂದ ಕನ್ನಡ ಮೇಲೆದ್ದು ಬರುತ್ತದೆ. ಈ ಬಗೆಯ ಹುಡುಕಾಟಕ್ಕೆ 1968ರಲ್ಲಿ ಚುರುಕಾದ ವಿಧಾನ ಪ್ರಕಟಿಸಿದ ಕೆನ್ ಥಾಂಪ್ಸನ್ ಅವರೇ 1992ರಲ್ಲಿ ರಾಬ್ ಪೈಕ್ ಜೊತೆಗೂಡಿ ಯುಟಿಎಫ್-8 ರೂಪಿಸಿದರು. ಸಂಕೇತದ ಮೊದಲ ಬೈಟು ನಡುವೆ ಎಂದೂ ಬಾರದಂತೆ ಅವರು ನೋಡಿಕೊಂಡದ್ದರಿಂದಲೇ ತುಂಡಾದ ಕಡತದಲ್ಲೂ ಅಕ್ಷರದ ಅಂಚು ಸಿಗುತ್ತದೆ.

'ಕೊಟ್ಟೂರು' ಎಂಬುದನ್ನೇ ಹುಡುಕಿ ನೋಡಿ. ಕಕಾರ 224, 178, 149. ಅದರ ಒತ್ವ 224, 179, 138. ಹೀಗೆ ಎಂಟು ಸಂಕೇತ, 24 ಬೈಟ್. ಆದರೆ ಒತ್ವವನ್ನು ಎತ್ವ ಮತ್ತು ಊಕಾರದ ಕೊಂಬು ಎಂದು ಬಿಡಿಸಿ ಬರೆಯಲೂ ಯುನಿಕೋಡ್‌ನಲ್ಲಿ ಅವಕಾಶವಿದೆ. ಆಗ 27 ಬೈಟ್. ತೆರೆಯ ಮೇಲೆ ಎರಡೂ ಒಂದೇ. ಸೂತ್ರದಲ್ಲಿ ಎರಡನ್ನೂ 'ಅಥವಾ' ಹಾಕಿ ಕೊಡದಿದ್ದರೆ ಒಂದು ಕೈತಪ್ಪುತ್ತದೆ. ಬೈಟ್ ಲೆಕ್ಕದಲ್ಲಿ ಹುಡುಕುವಾಗ 'ಇವುಗಳಲ್ಲಿ ಯಾವುದಾದರೂ ಒಂದು' ಎಂಬರ್ಥ ಕೊಡುವ ಚೌಕಾವರಣದೊಳಗೆ ಕ, ಟ, ರ ಎಂದು ಬರೆಯಲೂಬಾರದು. ಅಲ್ಲಿ ಅವು ಅಕ್ಷರಗಳಾಗಿ ಉಳಿಯದೆ ಬಿಡಿ ಬೈಟ್‌ಗಳಾಗಿ ಚದುರಿ, ಕಸವೇ ಸಿಗುತ್ತದೆ.

ಹಳೆಯ ಡಿಟಿಪಿ ಕಡತಗಳ ಕಷ್ಟವೇ ಬೇರೆ. ನುಡಿ, ಬರಹ ತಂತ್ರಾಂಶಗಳ ಅಂದಿನ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ನುಡಿಯ ಆ ಕ್ರಮದಲ್ಲಿ 'ಕನ್ನಡ' ಎಂದರೆ 80, 192, 163, 192, 223, 113, 192. ಯುನಿಕೋಡ್ ಸೂತ್ರ ಇದನ್ನು ಕಾಣದೆ ದಾಟಿಹೋಗುತ್ತದೆ. ಇಲ್ಲಿ ಬೆನ್ನುಹತ್ತಬೇಕಾದದ್ದು 192, ಅದು ತಲೆಕಟ್ಟು. ಒಂದೆರಡು ಬೈಟಿಗೊಮ್ಮೆ ಅದು ಮರುಕಳಿಸುವ ಜಾಗ ಸಿಕ್ಕರೆ ನುಡಿ ಕಡತ ಸಿಕ್ಕಿತೆಂದೇ ನನ್ನ ನಂಬಿಕೆ. ಆಮೇಲೆ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬಹುದು. ಜಿಪ್ ಮಾಡಿಟ್ಟವನ್ನು ಮಾತ್ರ ಮೊದಲು ಬಿಚ್ಚಬೇಕು.

ನಮ್ಮೂರುಗಳ ಜಾತ್ರೆ, ನಾಟಕಗಳ ಇಷ್ಟು ಹತ್ತಿರದ ದಾಖಲೆ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಕೊಟ್ಟೂರು, ಕೂಡ್ಲಿಗಿ, ಹಡಗಲಿಯ ಡಿಟಿಪಿ ಗೆಳೆಯರಲ್ಲಿ ನನ್ನ ವಿನಂತಿ: ಹಳೆಯ ಡಿಸ್ಕನ್ನು ಗುಜರಿಗೆ ಹಾಕಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಅದರ ಮೇಲೆ ಹೊಸದೇನನ್ನೂ ಬರೆಯದೆ ಪೂರ್ತಿ ನಕಲು ತೆಗೆಸಿ, ಹುಡುಕಾಟವನ್ನು ಆ ನಕಲಿನಲ್ಲೇ ಮಾಡಿಸಿ.